ಬಾಣಂತನಕ್ಕೆಂದು ಜರ್ಮನಿಗೆ ಹೋಗಿದ್ದೆ

ಸಿಂದಗಿಯ ಗ್ರಂಥಾಲಯದಲ್ಲಿ ನೌಕರಿ ಮಾಡುವಾಗ ಪರದೇಶಕ್ಕೆ ಹೋಗಿಬಂದವರು ಬರೆದ ಪುಸ್ತಕಗಳನ್ನು ಬಹಳ ಓದಿದ್ದೆ. ಅವುಗಳಲ್ಲಿ ಗೋಪುರ, ಜಲಪಾತ, ಸಮುದ್ರದ ದಂಡೆ ಇರುತ್ತಿದ್ದವು. ನಾನು ಮೂರು ತಿಂಗಳು ಜರ್ಮನಿಯಲ್ಲಿದ್ದು ಬಂದೆನೆಂದು ತಿಳಿದ ಓಣಿಯವರು ಈಗಲೂ ಕೇಳುತ್ತಾರೆ, ಏನೇನು ನೋಡಿದಿರಿ ಎಂದು. ನಾನು ನೋಡಿದ್ದು ಮಗಳ ಎರಡು ಕೋಣೆಯ ಮನೆ, ತಡವಾಗಿ ಓಡುವ ಒಂದು ರೈಲು, ಮತ್ತು ಒಂದು ಆಸ್ಪತ್ರೆ. ನೋಡಬೇಕೆಂದು ಹೋದದ್ದನ್ನು ನೋಡದೆ ಬಂದೆ.

ಮಗಳು ಸವಿತಾ ಅಲ್ಲಿಯ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸು. ವಿಜಯಪುರದಲ್ಲಿ ನರ್ಸಿಂಗ್ ಓದಿ, ಜರ್ಮನ್ ಭಾಷೆ ಕಲಿತು ಹೋದವಳು. ಅಳಿಯ ಪ್ರಕಾಶ ಇಂಡಿ ತಾಲೂಕಿನ ತಾಂಬಾದವನು. ಹೆಂಡತಿಯ ಹಿಂದೆ ಹೋಗಿ ಅಲ್ಲಿ ಬೇಕರಿಯ ಗಾಡಿ ಓಡಿಸುತ್ತಾನೆ. ಸವಿತಾಳಿಗೆ ಅವಳಿ ಎಂದು ಗೊತ್ತಾದಾಗ ನಾನು ಏಳನೆಯ ತಿಂಗಳಲ್ಲಿ ಹೋಗುವುದೆಂದು ಗೊತ್ತುಮಾಡಿಕೊಂಡಿದ್ದೆವು. ಆದರೆ ಐದನೆಯ ತಿಂಗಳಿಗೇ ಅವಳ ಹೊಟ್ಟೆ ಅಳತೆ ಮೀರಿ ಬೆಳೆಯಿತು, ಏಳುವುದು ಕೂಡುವುದು ಕಷ್ಟವಾಯಿತು. ಫೋನಿನಲ್ಲಿ ಅವಳ ದನಿ ಕೇಳಿ ನಾನು ಕಾಯಲಿಲ್ಲ. ನನ್ನ ಯಜಮಾನರು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಇನ್ನೂ ಮಾಸ್ತರರು, ಅವರಿಗೆ ರಜೆ ಸಿಗಲಿಲ್ಲ. ಒಬ್ಬಳೇ ಹೊರಟೆ.

ವಿಮಾನ ನಿಲ್ದಾಣ

ಬಾಣಂತಿಗೆ ಬೇಕಾದದ್ದೆಲ್ಲ ಚೀಲದಲ್ಲಿತ್ತು. ಅಂಟಿನುಂಡಿ, ಶೇಂಗಾ ಹಿಂಡಿ, ಒಣಗಿಸಿದ ಸಜ್ಜಿ ರೊಟ್ಟಿ, ಒಂದು ಡಬ್ಬಿ ಮನೆಯ ತುಪ್ಪ. ಜರ್ಮನಿಯಲ್ಲಿ ಇಳಿದಾಗ, ಸಾಮಾನು ತಪಾಸಣೆಯಲ್ಲಿ, ರಬ್ಬರಿನ ಕೈಗವಸು ಹಾಕಿಕೊಂಡ ಎತ್ತರದ ಹುಡುಗಿಯೊಬ್ಬಳು ಎಲ್ಲ ತೆಗೆಸಿದಳು. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ಮೂಲೆ ಮುರಿದು ಮೂಸಿದಳು. ರೊಟ್ಟಿ ಪಾಸಾಯಿತು. ತುಪ್ಪ ಆಗಲಿಲ್ಲ, ಹಾಲಿನ ಪದಾರ್ಥ ಹೊರಗಿನಿಂದ ತರಬಾರದಂತೆ. ಅಂಟಿನುಂಡಿಯಲ್ಲೂ ತುಪ್ಪವಿತ್ತು, ಅವನ್ನೂ ತೆಗೆದಳು. ಸಿಟ್ಟು ಮಾಡಲಿಲ್ಲ, ನಗಲೂ ಇಲ್ಲ. ನಮ್ಮ ಕಡೆಯಾದರೆ ಎರಡು ಉಂಡಿ ತಿಂದಾದರೂ ಉಳಿದದ್ದನ್ನು ಬಿಡುತ್ತಿದ್ದರು. ಈಕೆ ಒಂದನ್ನೂ ಮುಟ್ಟದೆ, ನನ್ನ ಕಣ್ಣಮುಂದೆಯೇ ಎಲ್ಲವನ್ನೂ ದೊಡ್ಡ ಡಬ್ಬಿಗೆ ಹಾಕಿ, ನನ್ನ ಚೀಲವನ್ನು ಮೊದಲಿಗಿಂತ ಚೆಂದ ಮಡಿಚಿ ಕೊಟ್ಟಳು.

ಹೊರಗೆ ಪ್ರಕಾಶ ನಿಂತಿದ್ದ. ತುಪ್ಪ ಹೋಯಿತೆಂದು ಹೇಳಿದೆ. "ಹೋಗ್ಲಿ ಬಿಡ್ರಿ ಅತ್ತಿ, ಇಲ್ಲಿ ಬೆಣ್ಣಿ ಸಿಗತೈತಿ, ಕಾಸೂಣಂತ" ಎಂದ. ಬೆಣ್ಣೆ ಕಾಸಲು ನಮಗೆ ಮನಸ್ಸೇ ಬರಲಿಲ್ಲ ಎಂಬುದು ಮುಂದಿನ ಮಾತು.

ಮಗಳ ಊರು

ಆ ಊರಿನಲ್ಲಿ ಸಪ್ಪಳವಿಲ್ಲ. ನವೆಂಬರಿನ ಕೊನೆ, ಮಧ್ಯಾಹ್ನದ ಚಹಾದ ಹೊತ್ತಿಗೇ ಕತ್ತಲಾಗುತ್ತಿತ್ತು. ಜನ ಎದುರಾದರೆ ಒಂದು ಶಬ್ದ ಹೇಳಿ ಮುಂದೆ ಹೋಗುತ್ತಿದ್ದರು. ಯಾವ ಊರು, ಯಾರ ಮನೆ, ಎಷ್ಟು ಮಕ್ಕಳು ಎಂದು ಒಬ್ಬರೂ ಕೇಳಲಿಲ್ಲ. ಬಸವನ ಬಾಗೇವಾಡಿಯಿಂದ ಗೊಳಸಂಗಿಯ ನನ್ನ ತವರಿಗೆ ಬಸ್ಸು ಹತ್ತಿದರೆ ಇಳಿಯುವಷ್ಟರಲ್ಲಿ ಪಕ್ಕದವಳಿಗೆ ನನ್ನ ವಂಶಾವಳಿ ಗೊತ್ತಾಗಿರುತ್ತದೆ.

ಮೊದಲ ರವಿವಾರ ಜೋಳದ ರೊಟ್ಟಿ ಬಡಿಯಲು ಕೂತೆ. ಹಿಟ್ಟು ನಾನು ಒಯ್ದದ್ದು. ಕೆಳಗಿನ ಮನೆಯ ಮುದುಕಿ ಮೇಲೆ ಬಂದು ಬಾಗಿಲ ಗಂಟೆ ಒತ್ತಿದಳು. ಬೆಳ್ಳಿ ಕೂದಲು, ನೆಟ್ಟಗಿನ ಬೆನ್ನು, ಹೆಸರು ಹೆಲ್ಗಾ. ಸವಿತಾಳ ಜೊತೆ ಏನೋ ಮಾತಾಡಿದಳು.

"ಏನಂತ?" ಎಂದೆ.

"ರವಿವಾರ ಗ್ವಾಡಿಗಿ ಮೊಳಿ ಬಡಿಬಾರದಂತ ಅವ್ವಾ. ಇಲ್ಲಿ ಕಾಯ್ದೆ ಐತಿ."

ಸವಿತಾ ಅವಳನ್ನು ಒಳಗೆ ಕರೆದು ನನ್ನ ಕೈ, ಹಿಟ್ಟು, ಮೇಜು ತೋರಿಸಿದಳು. ಹೆಲ್ಗಾ ನಿಂತುಕೊಂಡೇ ಒಂದು ರೊಟ್ಟಿ ಪೂರ್ತಿ ಬಡಿಯುವುದನ್ನು ನೋಡಿದಳು. ಬಿಸಿ ರೊಟ್ಟಿ ಒಂದು ಕೊಟ್ಟೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು. ಹೋಗುವಾಗ, ರವಿವಾರ ಬಿಟ್ಟು ಉಳಿದ ದಿನ ಬಡಿಯಬಹುದೆಂದು ಹೇಳಿದಳಂತೆ.

ಆವೊತ್ತು ಸವಿತಾ ನಕ್ಕಳು. ಹೊಟ್ಟೆ ಹಿಡಿದುಕೊಂಡು, ನೋವಾಗುತ್ತದೆ ನಗಿಸಬೇಡ ಎನ್ನುತ್ತ ನಕ್ಕಳು. ಆ ನಗುವನ್ನು ನಾನು ಮತ್ತೆ ಕೇಳಲಿಲ್ಲ.

ಸ್ಕ್ಯಾನಿಂಗ್ ಕೋಣೆ

ಆ ವಾರವೇ ಸ್ಕ್ಯಾನಿಂಗ್ ಇತ್ತು. ನನ್ನನ್ನೂ ಒಳಗೆ ಕರೆದರು. ಗೋಡೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ಎರಡು ಕೂಸು. ಒಂದು ಈಜುತ್ತಿತ್ತು. ಇನ್ನೊಂದು ಸಣ್ಣದು, ಮೂಲೆಯಲ್ಲಿ ಅಲುಗಾಡದೆ ಕೂತಂತಿತ್ತು. ಡಾಕ್ಟರು ತೀರ ಸಹಜವಾಗಿ ಏನೋ ಹೇಳಿದರು. ಸವಿತಾ ನನ್ನ ಕಡೆ ತಿರುಗಿ, "ಎರಡೂ ಹೆಣ್ಣಂತ ಅವ್ವಾ" ಎಂದಳು. ನನಗೆ ಗಾಬರಿಯಾಗಿ ಬಾಗಿಲ ಕಡೆ ನೋಡಿದೆ. ಇಂಡಿಯಲ್ಲಾಗಲಿ ಸಿಂದಗಿಯಲ್ಲಾಗಲಿ ಇಂಥ ಕೋಣೆಯ ಗೋಡೆಯ ಮೇಲೆ, ಇದನ್ನು ಹೇಳುವುದೂ ಕೇಳುವುದೂ ಅಪರಾಧ ಎಂಬ ಬೋರ್ಡು ಇರುತ್ತದೆ. ಇಲ್ಲಿ ಮಳೆ ಬರುತ್ತಿದೆ ಎನ್ನುವ ಹಾಗೆ ಹೇಳಿಬಿಟ್ಟರು. ಸಂತೋಷಪಡಲು ನನಗೆ ಒಂದು ಗಳಿಗೆ ಸಿಕ್ಕಿತು, ಅಷ್ಟೇ. ಆಮೇಲೆ ಡಾಕ್ಟರು ಮಾತು ನಿಲ್ಲಿಸಿ ಪರದೆಯನ್ನೇ ನೋಡುತ್ತ ಕೂತರು.

ಅಂದು ತಿಳಿದದ್ದು ಇದು. ಎರಡೂ ಕೂಸಿಗೆ ಹೊಕ್ಕುಳಬಳ್ಳಿ ಅಂಟಿಕೊಳ್ಳುವ ಮಾಸು ಒಂದೇ. ಅದರ ಮೇಲಿನ ರಕ್ತದ ನಾಳಗಳು ಒಂದಕ್ಕೊಂದು ಕೂಡಿಕೊಂಡು, ಒಂದು ಕೂಸಿನ ರಕ್ತ ಇನ್ನೊಂದಕ್ಕೆ ಹರಿದುಹೋಗುತ್ತಿತ್ತು. ನನಗೆ ಅರ್ಥವಾಗಲಿಲ್ಲ. ಪ್ರಕಾಶ ಬಿಡಿಸಿ ಹೇಳಿದ.

"ನಮ್ಮ ಕಡೆ ಕಾಲುವಿ ನೀರು ಹೆಂಗ, ಹಂಗ ನೋಡ್ರಿ ಅತ್ತಿ. ಮ್ಯಾಲಿನ ಹೊಲದಾಗ ನೀರು ನಿಂತು ಬೆಳಿ ಕೊಳೀತೈತಿ. ಕೆಳಗಿನ ಹೊಲಕ್ಕ ಮುಟ್ಟೂದ ಇಲ್ಲ. ಎರಡೂ ಹೋಗ್ತಾವ."

"ಮತ್ತ ಏನ ಮಾಡೂದು?"

"ಹ್ಯಾಂಬರ್ಗಿನಾಗ ಹೊಟ್ಟಿ ಒಳಗ ಸಣ್ಣ ದುರ್ಬೀನು ಬಿಟ್ಟು, ಲೇಸರ್‌ಲೆ ಆ ನಾಳ ಸುಟ್ಟು ಮುಚ್ಚತಾರಂತ. ನಾಳೆನ ಬರ್ರಿ ಅಂದಾರ."

ತಾಂಬಾದಿಂದ ಪ್ರಕಾಶನ ತಾಯಿ ಫೋನು ಮಾಡಿದರು. ಅವರೂ ನಾನೂ ಒಂದೇ ವಾರಿಗೆಯವರು. "ಅಕ್ಕಾರ, ಹೊಟ್ಟಿ ಒಳಗ ಬೆಂಕಿ ಹಚ್ಚಸಬ್ಯಾಡ್ರಿ. ಕರ್ಕೊಂಡು ಬರ್ರಿ ಇಲ್ಲಿಗೆ" ಎಂದು ಅತ್ತರು. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಸವಿತಾ ಫೋನು ತೆಗೆದುಕೊಂಡು, "ಬರೂದರಾಗ ಎರಡೂ ಇರೂದಿಲ್ರಿ ಅತ್ತಿ" ಎಂದಳು.

ಹ್ಯಾಂಬರ್ಗಿನ ರೈಲು

ಜರ್ಮನಿಯ ರೈಲುಗಳು ಗಡಿಯಾರದಂತೆ ಓಡುತ್ತವೆ ಎಂದು ಓದಿದ್ದೆ. ನಮ್ಮ ರೈಲು ನಡುದಾರಿಯ ಬಯಲಲ್ಲಿ ನಿಂತುಬಿಟ್ಟಿತು. ಡಬ್ಬಿಯಲ್ಲಿ ಒಬ್ಬರೂ ಗೊಣಗಲಿಲ್ಲ, ಪುಸ್ತಕ ಓದುತ್ತ ಕೂತರು. ಸವಿತಾ ಉದ್ದಕ್ಕೆ ಕಾಲುಚಾಚಿ ಕಿಟಕಿಯ ಹೊರಗಿನ ಹಿಮ ನೋಡುತ್ತಿದ್ದಳು. ಎದುರಿಗಿದ್ದ ಹುಡುಗನೊಬ್ಬ ಅವಳ ಹೊಟ್ಟೆ ನೋಡಿ ಏನೂ ಕೇಳದೆ ಎದ್ದು, ತನ್ನ ಸೀಟು ಬಿಟ್ಟು, ಇಡೀ ದಾರಿ ಬಾಗಿಲ ಬಳಿ ನಿಂತ. ಧನ್ಯವಾದ ಹೇಳಲು ಆ ಭಾಷೆಯ ಒಂದೇ ಶಬ್ದ ಕಲಿತಿದ್ದೆ, ಅದೂ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

ಏನಾದರೂ ಧೈರ್ಯ ಹೇಳಬೇಕೆಂದು ನಾನು ಅವಳ ಕೈ ಹಿಡಿದೆ. "ಚಿಂತಿ ಮಾಡಬ್ಯಾಡವಾ. ಒಂದರೆ ಉಳೀತೈತಿ" ಎಂದೆ.

ಸವಿತಾ ಕೈ ಬಿಡಿಸಿಕೊಳ್ಳಲಿಲ್ಲ. ನನ್ನನ್ನೇ ನೋಡಿ ಕೇಳಿದಳು: "ಯಾವದು, ಅವ್ವಾ?"

ನನ್ನ ಮನಸ್ಸಿನಲ್ಲಿ ಉತ್ತರವಿತ್ತು. ಈಜುತ್ತಿದ್ದದ್ದು, ದೊಡ್ಡದು. ಮೂಲೆಯಲ್ಲಿ ಕೂತಿದ್ದ ಸಣ್ಣದನ್ನು ನಾನು ಆಗಲೇ ಕೈಬಿಟ್ಟಿದ್ದೆ. ಅವಳಿಗೆ ಅದು ಕಂಡಿರಬೇಕು. ಮತ್ತೆ ಕಿಟಕಿಯ ಕಡೆ ತಿರುಗಿದಳು.

ಆಸ್ಪತ್ರೆ

ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ಸವಿತಾಳಿಗಿಂತ ಸುಮಾರು ಹತ್ತು ವರ್ಷ ದೊಡ್ಡವಳಿದ್ದಾಳು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಮುಚ್ಚುಮರೆ ಇಲ್ಲದೆ ಮಾತಾಡಿದಳು, ಪ್ರಕಾಶ ನನಗೆ ಬಿಡಿಸಿ ಹೇಳುತ್ತಿದ್ದ. ಎರಡೂ ಉಳಿಯಬಹುದು, ಒಂದು ಉಳಿಯಬಹುದು, ಎರಡೂ ಹೋಗಬಹುದು, ಸುಮ್ಮನಿದ್ದರೆ ಮಾತ್ರ ಎರಡೂ ಹೋಗುವುದು ಹೆಚ್ಚುಕಡಿಮೆ ಖಾತ್ರಿ. ನಮ್ಮ ಕಡೆ ಡಾಕ್ಟರು ಇಂಥದ್ದನ್ನು ಹೊರಗೆ ಕರೆದು ಗಂಡಸರಿಗೆ ಹೇಳುತ್ತಾರೆ, ಹೆಣ್ಣುಮಗಳಿಗೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ನನಗೆ ಮೊದಲು ಆಕೆಯ ಮೇಲೆ ಸಿಟ್ಟು ಬಂತು. ಆಮೇಲೆ ನೋಡಿದರೆ ಸವಿತಾ ಎದ್ದು ಕೂತು, ಒಂದರ ಮೇಲೊಂದು ಪ್ರಶ್ನೆ ಕೇಳುತ್ತಿದ್ದಳು.

ಕೊನೆಗೆ ಡಾಕ್ಟರು ನನ್ನ ಕಡೆ ನೋಡಿ, ತಾಯಿಗೆ ಏನಾದರೂ ಕೇಳುವುದಿದೆಯೇ ಎಂದಳು. ನನ್ನನ್ನೂ ಯಾರಾದರೂ ಕೇಳುತ್ತಾರೆಂದು ಅಂದುಕೊಂಡಿರಲಿಲ್ಲ.

"ಕೂಸಿಗೆ ನೋವಾಕ್ಕೈತೇನು ಕೇಳು" ಎಂದೆ.

ಸವಿತಾ ಕೇಳಿದಳು. ದುರ್ಬೀನು ಹೋಗುವುದು ನೀರಿನೊಳಗೆ, ಕೆಲಸ ನಡೆಯುವುದು ಮಾಸಿನ ಮೇಲೆ, ಕೂಸುಗಳನ್ನು ಮುಟ್ಟುವುದಿಲ್ಲ ಎಂದು ಡಾಕ್ಟರು ಹೇಳಿದಳು. ನಡುವೆ ಒಮ್ಮೊಮ್ಮೆ ಕೂಸೇ ಕೈ ಚಾಚಿ ದುರ್ಬೀನು ಹಿಡಿಯುವುದುಂಟಂತೆ. ಅದನ್ನು ಹೇಳುವಾಗ ಆಕೆ ಸ್ವಲ್ಪ ನಕ್ಕಳು.

ಸವಿತಾಳಿಗೆ ಪೂರ್ತಿ ಮಂಪರು ಕೊಡಲಿಲ್ಲ, ಚುಚ್ಚುವ ಜಾಗ ಮಾತ್ರ ಮರಗಟ್ಟಿಸಿದರು. ಪ್ರಕಾಶ ತಲೆಯ ಬಳಿ ಕೂತಿದ್ದ. ನಾನು ಹೊರಗಿದ್ದೆ. ಅಲ್ಲಿ ಕಾಯುವ ಜಾಗದಲ್ಲಿ ಒಬ್ಬಳೇ. ಸಿಂದಗಿಯ ಆಸ್ಪತ್ರೆಯ ಮುಂದೆ ಒಬ್ಬರಿಗೆ ಆಪರೇಷನ್ ಎಂದರೆ ಹದಿನೈದು ಮಂದಿ ಚಾಪೆ ಹಾಸಿ ಕೂತಿರುತ್ತಾರೆ, ಬುತ್ತಿ ಬಿಚ್ಚಿರುತ್ತಾರೆ, ಸಂಬಂಧವಿಲ್ಲದವರೂ ಬಂದು ಯಾರಿಗೆ ಏನಾಗಿದೆ ಕೇಳಿ ನಿಟ್ಟುಸಿರು ಬಿಟ್ಟು ಹೋಗುತ್ತಾರೆ. ಅದು ಕಿರಿಕಿರಿ ಎಂದು ನಾನೇ ಎಷ್ಟೋ ಸಲ ಅಂದದ್ದುಂಟು. ಆವೊತ್ತು ಒಬ್ಬರು ಬಂದು ಯಾರಿಗೇನಾಗಿದೆ ಎಂದು ಕೇಳಿದ್ದರೆ ಸಾಕಿತ್ತು.

ಪ್ರಕಾಶ ಹೊರಗೆ ಬಂದಾಗ ಮುಖ ಬೆಳ್ಳಗಾಗಿತ್ತು. "ಪರದೆ ಮ್ಯಾಲ ನೋಡಿದೆ ಅತ್ತಿ. ಕಿವಿ ಕಂಡಿತು. ಬೆರಳು ಕಂಡುವು" ಎಂದ. ನಾಳಗಳನ್ನೆಲ್ಲ ಮುಚ್ಚಿದ್ದರು, ಹೆಚ್ಚಾದ ನೀರು ತೆಗೆದಿದ್ದರು. ಎರಡೂ ಎದೆ ಬಡಿಯುತ್ತಿದ್ದವು.

ಮರುದಿನ

ಬೆಳಿಗ್ಗೆ ಮತ್ತೆ ಸ್ಕ್ಯಾನಿಂಗ್. ಡಾಕ್ಟರು ಮೊದಲು ಸಣ್ಣದನ್ನು ಹುಡುಕಿದಳು. ನಾನು ಸವಿತಾಳ ಭುಜ ಗಟ್ಟಿಯಾಗಿ ಹಿಡಿದುಕೊಂಡೆ. ಸಣ್ಣದರ ಎದೆ ಬಡಿಯುತ್ತಿತ್ತು. ಮೂಲೆಯಲ್ಲಿ ಕೂತಿದ್ದದ್ದು ಈಗ ಕಾಲು ಆಡಿಸುತ್ತಿತ್ತು, ಸುತ್ತ ಸ್ವಲ್ಪ ನೀರೂ ಬಂದಿತ್ತು. ನನಗೆ ಉಸಿರು ಬಂತು. ಗೆದ್ದೆವು ಎಂದುಕೊಂಡೆ.

ಆಮೇಲೆ ದೊಡ್ಡದರ ಕಡೆ ಯಂತ್ರ ಸರಿಸಿದಳು. ಬಹಳ ಹೊತ್ತು ನೋಡಿದಳು. ಇನ್ನೊಬ್ಬ ಡಾಕ್ಟರನ್ನು ಕರೆಸಿದಳು, ಅವರೂ ನೋಡಿದರು. ಸವಿತಾ ಪರದೆಯ ಕಡೆ ಒಮ್ಮೆ ನೋಡಿ ಕಣ್ಣು ಮುಚ್ಚಿದಳು. ನರ್ಸಾದವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಷ್ಟು ದಿನ ಇಬ್ಬರ ರಕ್ತ ತಳ್ಳಿ ತಳ್ಳಿ ಆ ಎದೆ ಸೋತಿತ್ತಂತೆ. ನಾಳ ಮುಚ್ಚಿದ್ದರಿಂದಲೇ ಒಂದರ ಸಾವು ಇನ್ನೊಂದಕ್ಕೆ ತಟ್ಟಲಿಲ್ಲ ಎಂದು ಡಾಕ್ಟರು ಹೇಳಿದಳು. ಹೋದದ್ದನ್ನು ತೆಗೆಯುವುದಿಲ್ಲ, ಹೆರಿಗೆಯವರೆಗೆ ಇಬ್ಬರೂ ಒಳಗೇ ಇರುತ್ತಾರೆ ಎಂದೂ ಹೇಳಿದಳು. ಹೇಳಿ ಎದ್ದು ಹೋಗಲಿಲ್ಲ. ಸವಿತಾ ಅಳುವುದು ಮುಗಿಯುವವರೆಗೆ ಮಂಚದ ಮೇಲೆ ಕೂತೇ ಇದ್ದಳು.

ತಾಂಬಾಕ್ಕೆ ಪ್ರಕಾಶನೇ ಫೋನು ಮಾಡಿದ. "ಹೊಟ್ಯಾಗ ಹಂಗ ಇಟ್ಕೊಂಡು ಹೆಂಗ ಇರತಾಳೋ ಯಪ್ಪಾ?" ಎಂಬ ಅವರ ದನಿ ನನಗೂ ಕೇಳಿಸಿತು. ನನಗೂ ಅದೇ ಹೆದರಿಕೆ ಇತ್ತು. ಆದರೆ ಅವಳು ಇದ್ದಳು. ಮನೆಗೆ ಬಂದ ಮೇಲೂ ಮೊದಲಿನಂತೆಯೇ ಎಡಕ್ಕೊಂದು ಬಲಕ್ಕೊಂದು ಕೈ ಇಟ್ಟುಕೊಂಡು ಮಲಗುತ್ತಿದ್ದಳು.

ಹೆಲ್ಗಾ ಬಂದದ್ದು

ನಾವು ಮರಳಿದ ಕೆಲವು ದಿನಗಳ ಮೇಲೆ ಹೆಲ್ಗಾ ಒಂದು ಪಾತ್ರೆ ಸಾರು ಹಿಡಿದು ಬಂದಳು. ನಾವು ಮಾಂಸ ತಿನ್ನುವುದಿಲ್ಲವೆಂದು ಮೊದಲೇ ಕೇಳಿ ತಿಳಿದಿದ್ದಳು, ಬಟಾಟೆಯ ಸಾರು ಮಾಡಿದ್ದಳು. ಕೂತು, ನನ್ನನ್ನು ನೋಡುತ್ತಲೇ ಸವಿತಾಳೊಡನೆ ಮಾತಾಡಿದಳು. ಸವಿತಾ ನನಗೆ ತಿರುಗಿಸಿ ಹೇಳಿದಳು:

"ಅವರಿಗೂ ಒಂದು ಗಂಡು ಹುಟ್ಟಿತ್ತಂತ, ದಿನ ತುಂಬೂಕಿಂತ ಮೊದಲ. ಬಟ್ಟ್ಯಾಗ ಸುತ್ತಿ ಒಯ್ದರಂತ, ಮಾರಿ ತೋರಿಸಲಿಲ್ಲಂತ. ಆಗ ಇಲ್ಲೂ ಹಂಗ ಇತ್ತಂತ. ಎಲ್ಲಿ ಇಟ್ಟರಂತ ಅವರಿಗೆ ಇನ್ನೂ ಗೊತ್ತಿಲ್ಲ."

ನಾನು ಹೆಲ್ಗಾಳ ಕೈ ನೋಡುತ್ತ ಕೂತೆ. ಆಮೇಲೆ ನನ್ನ ಬಾಯಿಂದ ಮಾತು ತಾನಾಗಿ ಬಂತು. "ನನಗೂ ಒಂದು ಹಂಗ ಹೋಗೇತಿ ಅಂತ ಹೇಳವಾ ಅವರಿಗೆ."

ಸವಿತಾ ಹೇಳಲಿಲ್ಲ. ನನ್ನ ಮುಖ ನೋಡಿದಳು.

"ನಿನಗಿಂತ ಮೊದಲ" ಎಂದೆ. "ಗೊಳಸಂಗ್ಯಾಗ, ಚೊಚ್ಚಲು, ಏಳು ತಿಂಗಳಿಗೆ. ನಮ್ಮ ಚಿಗವ್ವ ಮೊರದಾಗ ಹಾಕ್ಕೊಂಡು ಹೊಲಕ್ಕ ಒಯ್ದಳು. ಸಣ್ಣಾಕಿ ಇದ್ದಿ, ಇನ್ನೊಂದು ಆಗತೈತಿ ಅಂದ್ರು. ನಾನೂ ಯಾರನ್ನೂ ಕೇಳಲಿಲ್ಲ."

ಸವಿತಾ ಮೆಲ್ಲಗೆ ಅದನ್ನು ಜರ್ಮನಿನಲ್ಲಿ ಹೇಳತೊಡಗಿದಳು. ಒಂದೊಂದು ಮಾತಿಗೂ ನಿಲ್ಲುತ್ತಿದ್ದಳು. ತನಗೊಬ್ಬ ಅಣ್ಣನೋ ಅಕ್ಕನೋ ಇದ್ದದ್ದು ಅವಳಿಗೆ ಗೊತ್ತಾದದ್ದು, ಕೆಳಗಿನ ಮನೆಯ ಮುದುಕಿಗೆ ಅದನ್ನು ಬೇರೆ ಭಾಷೆಯಲ್ಲಿ ಹೇಳುವಾಗ. ಹೆಲ್ಗಾ ಏನೋ ಕೇಳಿದಳು.

"ಗಂಡೋ ಹೆಣ್ಣೋ ಅಂತ ಕೇಳಾಕತ್ತಾರ ಅವ್ವಾ."

"ಅದನ್ನೂ ಹೇಳಲಿಲ್ಲವಾ ನನಗ" ಎಂದೆ.

ಹೆಲ್ಗಾ ಹೋದ ಮೇಲೆ ಸವಿತಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ರೈಲಿನಲ್ಲಿ ನಾನು ಆಡಿದಂಥದೇ ಮಾತನ್ನು ಹಿಂದೆ ನನಗೂ ಆಡಿದ್ದರೆಂದು ಅವಳಿಗೆ ಈಗ ತಿಳಿದಿತ್ತು. ಅದರ ಬಗ್ಗೆ ಅವಳೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬಹುದಿತ್ತು. ಅಷ್ಟು ದಿನ ಒಂದೇ ಮನೆಯಲ್ಲಿ ಇದ್ದೆವು, ಹೊರಗೆ ಹಿಮ ಬೀಳುತ್ತಿತ್ತು, ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ.

ತಿರುಗಿ ಸಿಂದಗಿ

ನನಗೆ ಕೊಟ್ಟಿದ್ದು ಮೂರು ತಿಂಗಳ ವೀಸಾ. ಬೇಗ ಹೋದೆನಲ್ಲ, ಹೆರಿಗೆಗೆ ಮೊದಲೇ ಅದು ಮುಗಿಯಿತು. ಪ್ರಕಾಶ ಕಚೇರಿಗೆ ಹೋಗಿ ಕೇಳಿದ. ಅಲ್ಲಿಯವರು ಸೌಜನ್ಯದಿಂದಲೇ ಕೇಳಿಸಿಕೊಂಡು, ಆಗುವುದಿಲ್ಲ ಎಂದರು. ಹೊರಗೆ ಹೋಗಿ ಮೂರು ತಿಂಗಳು ಕಳೆದ ಮೇಲೆ ಮತ್ತೆ ಬರಬಹುದಂತೆ. ಬಾಣಂತನಕ್ಕೆಂದು ಹೋದವಳು ಮಗಳು ಇನ್ನೂ ಬಸಿರಿ ಇರುವಾಗಲೇ ಹೊರಟು ಬಂದೆ. ಸವಿತಾ ಬಾಗಿಲಲ್ಲಿ ನಿಂತು, "ಬಿಸಲಿಗೆ ಬರುವಂತಿ ಬಿಡು ಅವ್ವಾ, ಈಗರೆ ಏನ ನೋಡಿದಿ ಈ ಊರಾಗ" ಎಂದಳು. ಹೆಲ್ಗಾ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದಳು. ಕೈ ಕುಲುಕಿದಳು, ಆಮೇಲೆ ಏನೆನ್ನಿಸಿತೋ, ಅಪ್ಪಿಕೊಂಡಳು.

ಬಂದ ಎರಡನೆಯ ವಾರವೇ ಹೆರಿಗೆಯಾಯಿತು. ಉಳಿದದ್ದಕ್ಕೆ ಗಂಗಾ ಎಂದು ಹೆಸರಿಟ್ಟರು. ಹೋದದ್ದಕ್ಕೂ ಹೆಸರು ಏನೆಂದು ಆಸ್ಪತ್ರೆಯವರೇ ಕೇಳಿದರಂತೆ. ಸವಿತಾ ನೀಲಾ ಎಂದಳು. ಗಂಗಾಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಫೋನಿನಲ್ಲಿ ನೋಡಿದೆ. ಮೂಗಿನಲ್ಲಿ ನಳಿಗೆ, ತಲೆಗೆ ಉಣ್ಣೆಯ ಟೊಪ್ಪಿಗೆ. ನಾನು ರೈಲಿನಲ್ಲಿ ಮನಸ್ಸಿನಿಂದ ಕೈಬಿಟ್ಟಿದ್ದ ಕೂಸು ಇದೇ. ಕ್ಷಮಿಸು ಎನ್ನಲು ಅದಕ್ಕೆ ನಾನ್ಯಾರೆಂದೂ ಗೊತ್ತಿಲ್ಲ.

ದೇವರ ಹಿಪ್ಪರಗಿಯ ಬಸ್ ನಿಲ್ದಾಣ

ಅಲ್ಲಿಯ ಮಸಣದಲ್ಲಿ ಇಂಥ ಕೂಸುಗಳಿಗೆಂದೇ ಒಂದು ಜಾಗವಿದೆ. ಒಂದು ದಿನ ಗೊತ್ತುಮಾಡಿ, ಬೇರೆ ಮನೆಗಳ ಕೂಸುಗಳ ಜೊತೆ ಮಣ್ಣು ಮಾಡುತ್ತಾರೆ, ತಾಯಂದಿರೂ ಬರುತ್ತಾರೆ. ನೀಲಾಳ ದಿನ ಮಾರ್ಚ್ ಕೊನೆಗೆ ಬಂತು. ನಮ್ಮ ಎರಡೂವರೆಗೆ ವಿಡಿಯೋ ಕರೆ ಮಾಡುತ್ತೇನೆ ಎಂದು ಪ್ರಕಾಶ ಮೊದಲೇ ಹೇಳಿದ್ದ. ನಾನು ತಾಂಬಾಕ್ಕೆ ಹೋಗಿ ಬೀಗತಿಯ ಜೊತೆ ಕೂತು ನೋಡುವುದೆಂದು ಮಾತಾಗಿತ್ತು.

ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಲು ನಿಂತಿದ್ದೆ. ಸಂತೆಯ ದಿನ. ಒಂದೂವರೆಗೇ ಫೋನು ಬಂತು. ಅಲ್ಲಿ ಬೇಸಿಗೆ ಬಂತೆಂದು ಊರೆಲ್ಲ ಗಡಿಯಾರವನ್ನು ಒಂದು ತಾಸು ಮುಂದೆ ತಿರುಗಿಸುತ್ತಾರಂತೆ, ತಿರುಗಿಸಿದ್ದರು, ನಮ್ಮ ಲೆಕ್ಕಕ್ಕೆ ಎಲ್ಲ ಒಂದು ತಾಸು ಮೊದಲಾಗಿತ್ತು. ಆ ಗಡಿಬಿಡಿಯಲ್ಲಿ ಪ್ರಕಾಶನಿಗೆ ನೆನಪಾಗಿರಲಿಲ್ಲ, ನಮಗೆ ಇಂಥದ್ದೊಂದು ಉಂಟೆಂದೇ ಗೊತ್ತಿರಲಿಲ್ಲ.

ಫೋನಿನಲ್ಲಿ ಹಸಿರು ಹುಲ್ಲು, ಕರಿ ಕೋಟಿನ ಜನ, ಒಂದು ಸಣ್ಣ ಬಿಳಿ ಪೆಟ್ಟಿಗೆ. ಸವಿತಾಳ ಮುಖ ಬಂತು. "ಅವ್ವಾ, ಎಲ್ಲಿದ್ದಿ?"

"ಹಿಪ್ಪರಗ್ಯಾಗ, ಬಸ್ ಸ್ಟ್ಯಾಂಡಿನ್ಯಾಗ."

"ಇರಲಿ ಬಿಡು. ಇಲ್ಲಿ ಒಬ್ಬೊಬ್ಬರು ಒಂದೊಂದು ಓದಾಕತ್ತಾರ. ನನಗ ಆಗವಲ್ದು. ನೀ ಒಂದು ಜೋಗುಳ ಹಾಡು."

ನಾನು ಜನಕ್ಕೆ ಬೆನ್ನು ಮಾಡಿ, ಬಸ್ಸಿನ ವೇಳಾಪಟ್ಟಿ ಬರೆದ ಗೋಡೆಯ ಕಡೆ ತಿರುಗಿ ಹಾಡಿದೆ. ಹಿಂದೆ ಕಂಡಕ್ಟರ್ ಇಂಡಿ, ಇಂಡಿ ಎಂದು ಕೂಗುತ್ತಿದ್ದ. ಹೂಕೋಸಿನ ಚೀಲ ಹೊತ್ತವನೊಬ್ಬ ನಿಂತು ನೋಡಿ ಮುಂದೆ ಹೋದ. ಸಿಂದಗಿಯಲ್ಲಿ ಎಷ್ಟೋ ಮನೆಯ ತೊಟ್ಟಿಲಿಗೆ ಹಾಡಿದ ಹಾಡು ಅದು, ಆವೊತ್ತು ನಡುವಿನ ಒಂದು ನುಡಿ ಮರೆತು ದಾಟಿಸಿಬಿಟ್ಟೆ. ಅಲ್ಲಿಯವರೆಲ್ಲ ತಿಳಿಯದ ಭಾಷೆಯ ಹಾಡು ಮುಗಿಯುವವರೆಗೆ ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ಮಣ್ಣು ಹಾಕಿದರು.

ತಾಂಬಾ ಮುಟ್ಟಿದಾಗ ಬೀಗತಿ ತಲೆಗೆ ಸ್ನಾನ ಮಾಡಿ, ಪಡಸಾಲೆಯಲ್ಲಿ ಕಂಬಳಿ ಹಾಸಿ, ಫೋನನ್ನು ತಂಬಿಗೆಗೆ ಆನಿಸಿಟ್ಟು ಕೂತಿದ್ದರು. ಓಣಿಯ ಇಬ್ಬರು ಹೆಣ್ಣುಮಕ್ಕಳೂ ಇದ್ದರು.

"ಬರ್ರಿ ಅಕ್ಕಾರ, ಇನ್ನೂ ವ್ಯಾಳ್ಯಾ ಐತಿ" ಎಂದರು.

"ಮುಗೀತ್ರಿ" ಎಂದೆ. ಗಡಿಯಾರದ ಸಂಗತಿ ಹೇಳಿದೆ. ಅವರು ಎದ್ದು ಒಳಗಿನಿಂದ ಎರಡು ಕುಂಚಿಗಿ ತಂದರು. ಕೂಸಿನ ತಲೆಗೂ ಬೆನ್ನಿಗೂ ಹಾಕುವ ನಮ್ಮ ಕಡೆಯ ಟೊಪ್ಪಿಗೆ. ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ಹೊಲಿದದ್ದು, ಎರಡೂ ಒಂದೇ ಅಳತೆ.

"ಇದರಾಗ ಒಂದನ್ನ ನೀಲಾನ ಸಂಗಾಟ ಇಡಸಬೇಕಂತ ಮಾಡಿದ್ದೆ. ಹೆಂಗ ಕಳಸೂದು ತಿಳೀಲಿಲ್ಲ. ಮುಂದಿನ ಸಲ ಹೋದಾಗ ಒಯ್ರಿ. ಒಂದು ಗಂಗಾಗ ಹಾಕ್ರಿ, ಒಂದು ಅಲ್ಲಿ ಇಟ್ಟ ಬರ್ರಿ."

ನನಗೆ ಮತ್ತೆ ವೀಸಾ ಸಿಗುವಷ್ಟರಲ್ಲಿ ಗಂಗಾಳ ತಲೆಗೆ ಅದು ಸಣ್ಣದಾಗಿರುತ್ತದೆ. ಎರಡನ್ನೂ ಮಡಿಚಿ ಚೀಲದಲ್ಲಿ ಇಟ್ಟುಕೊಂಡೆ.